ಬ್ಯಾಂಕಿಗೆ ಕರ್ಜಿಕಾಯಿ ಕೊಟ್ಟ ವರ್ಷ

ಮೊಣಕಾಲು ನೋವಿಗೆ ಡಾಕ್ಟರು ಈಜು ಹೇಳಿದರೆಂದು ಹೋದ ತಿಂಗಳು ದಾವಣಗೆರೆಯ ಈಜುಕೊಳಕ್ಕೆ ಹೋದೆ. ಬಾಗಿಲು ದಾಟಿದ್ದೇ ತಡ, ಕ್ಲೋರಿನ್ ವಾಸನೆ ಮೂಗಿಗೆ ಬಡಿದು ಅಲ್ಲೇ ನಿಂತುಬಿಟ್ಟೆ. ಟಿಕೆಟ್ ಕೊಡುವ ಹುಡುಗಿ, "ಆಂಟಿ, ಈಜು ಬರುತ್ತಾ, ಇಲ್ಲಾ ಕಲಿಯೋಕ್ ಬಂದ್ರಾ?" ಅಂದಳು. "ಬರುತ್ತಮ್ಮ" ಅಂದೆ. "ಎಲ್ಲಿ ಕಲ್ತ್ರಿ?" ಅಂತ ಮತ್ತೆ ಕೇಳಿದಳು. ಸ್ವೀಡನ್ನಿನಲ್ಲಿ ಅಂದರೆ ಜಂಬ ಅಂದುಕೊಂಡಾಳೆಂದು ಸುಮ್ಮನೆ ನಕ್ಕೆ. ಆದರೆ ಆ ದಿನ ನೀರಿನಲ್ಲಿದ್ದಷ್ಟು ಹೊತ್ತೂ ಅಲ್ಲಿಯ ಕಾರ್ಲ್‌ಸ್ಕ್ರೂನಾ ಊರಿನ ಒಂದು ವರ್ಷ ತಲೆಯೊಳಗೆ ಓಡುತ್ತಲೇ ಇತ್ತು. ಎರಡು ಸಾವಿರದ ಆರರ ಶರತ್ಕಾಲದಿಂದ ಮುಂದಿನ ಬೇಸಿಗೆಯವರೆಗಿನ ವರ್ಷ. ನನ್ನ ಜೀವನದ ಅತಿ ದೊಡ್ಡ ಪೆದ್ದುತನ ಮಾಡಿದ್ದೂ ಆ ವರ್ಷವೇ, ಅತಿ ಹೆಚ್ಚು ಸಂತೋಷಪಟ್ಟಿದ್ದೂ ಆ ವರ್ಷವೇ.

ನಮ್ಮ ಯಜಮಾನರು ರಮೇಶ್ ಅಲ್ಲಿಯ ಟೆಲಿಕಾಂ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ್ದರಿಂದ, ನಾನು ದಾವಣಗೆರೆಯ ಸಹಕಾರಿ ಬ್ಯಾಂಕಿನ ನೌಕರಿ ಬಿಟ್ಟು, ಎಂಟು ವರ್ಷದ ಮಗಳು ಮೇಘನಾಳನ್ನು ಕಟ್ಟಿಕೊಂಡು ಅದೇ ವರ್ಷದ ಏಪ್ರಿಲ್‌ನಲ್ಲಿ ಹೋಗಿದ್ದೆ. ಹನ್ನೊಂದು ವರ್ಷ ಸಾಲದ ವಿಭಾಗದಲ್ಲಿ ಕೂತವಳು ನಾನು. ಅರ್ಜಿ ಹಿಡಿದು ಬಂದವರು ಎದುರಿನ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಅಂಥವಳು ಅಲ್ಲಿಗೆ ಹೋಗಿ ಏನಾದೆ? ಪರ್ಸೂನ್‌ನಮ್ಮರ್ ಅನ್ನುವ ಗುರುತಿನ ಸಂಖ್ಯೆ ಬರುವ ತನಕ ಲೈಬ್ರರಿ ಕಾರ್ಡೂ ಸಿಗದ ಹೆಂಗಸಾದೆ. ಮೊದಲ ಮೂರು ತಿಂಗಳು ಕಿಟಕಿ ಪಕ್ಕ ಕೂತು ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ ಎಂದು ನೋಡಿದ್ದೇ ನೋಡಿದ್ದು.

ಆ ಊರು ದ್ವೀಪಗಳ ಮೇಲಿದೆ. ಯಾವ ರಸ್ತೆ ಹಿಡಿದು ಹೋದರೂ ಕೊನೆಗೆ ಸಮುದ್ರ. ಅಲ್ಲಿ ಶಾಲೆಯಲ್ಲಿ ಲೆಕ್ಕ ಕಲಿಸಿದ ಹಾಗೆ ಈಜೂ ಕಲಿಸುತ್ತಾರೆ. ಒಂದು ದಿನ ಮೇಘನಾ ಶಾಲೆಯಿಂದ ಬಂದು ಅರ್ಧ ಸ್ವೀಡಿಷ್, ಅರ್ಧ ಕನ್ನಡದಲ್ಲಿ ಕೇಳಿದಳು: "ಅಮ್ಮಾ, ನಾನು ಸಮುದ್ರಕ್ಕೆ ಬಿದ್ರೆ ನೀನು ಬಂದು ಎತ್ತುತ್ತೀಯಾ?"

"ಎತ್ತದೆ ಬಿಡ್ತೀನಾ?"

"ಹೇಗೆ? ನಿಂಗೆ ಈಜೋಕ್ ಬರಲ್ವಲ್ಲ!"

ಮರುವಾರವೇ ಊರಿನ ಈಜುಕೊಳದಲ್ಲಿ ಗುರುವಾರ ಸಂಜೆ ಹೆಂಗಸರಿಗೆಂದೇ ಒಂದು ಗಂಟೆ ಇದೆಯೆಂದು ತಿಳಿದು ಅಲ್ಲಿಗೆ ಹೋದೆ.

ಕಲಿಸುತ್ತಿದ್ದವರು ಬಿರ್ಗಿತ್. ಎಪ್ಪತ್ತು ದಾಟಿದ, ನಿವೃತ್ತ ಈಜು ಟೀಚರು. ಎತ್ತರದ ಹೆಂಗಸು, ಕತ್ತಿನಲ್ಲಿ ಸೀಟಿ, ಮುಖದಲ್ಲಿ ನಗು ಅಪರೂಪ. ಗಂಟೆ ಶುರುವಾಗುವ ಮುಂಚೆ ದೊಡ್ಡ ಗಾಜಿನ ಕಿಟಕಿಗಳಿಗೆಲ್ಲ ಅವರೇ ಏಣಿ ಹತ್ತಿ ಪರದೆ ಕಟ್ಟುತ್ತಿದ್ದರು. ನೀರಿಗಿಳಿಯುವ ಮುಂಚೆ ಬಟ್ಟೆಯೆಲ್ಲ ಬಿಚ್ಚಿ ಸೋಪು ಹಾಕಿ ಸ್ನಾನ ಮಾಡಬೇಕೆನ್ನುವುದು ಅಲ್ಲಿಯ ನಿಯಮ. ಎಲ್ಲೆಲ್ಲಿ ಉಜ್ಜಬೇಕೆಂದು ಕೆಂಪು ಬಣ್ಣದಲ್ಲಿ ಗುರುತು ಮಾಡಿದ ಚಿತ್ರ ಗೋಡೆಗೆ ಅಂಟಿಸಿದ್ದರು. ಅಯ್ಯೋ ಶಿವನೇ! ಮೊದಲ ದಿನ ನಾನು ಆ ಚಿತ್ರದ ಮುಂದೆ ಚೂಡಿದಾರದಲ್ಲೇ ಕಾಲು ಗಂಟೆ ನಿಂತಿದ್ದೆ. ಆಗ ಪಕ್ಕದ ಪರದೆಯ ಹಿಂದಿನಿಂದ ಒಂದು ದನಿ, "ನಾನೂ ಮೂರು ವಾರ ಹೀಗೇ ನಿಂತಿದ್ದೆ" ಅಂದಿತು. ಅದು ಶುಕ್ರಿ.

ಶುಕ್ರಿ ಸೊಮಾಲಿಯಾದವಳು, ನನ್ನದೇ ವಯಸ್ಸು. ಗಂಡ ಇಲ್ಲ, ಮೂರು ಮಕ್ಕಳು. ಒಂದು ದಾಗಿಸ್‌ನಲ್ಲಿ, ಅಂದರೆ ಅಲ್ಲಿಯ ಅಂಗನವಾಡಿಯಲ್ಲಿ, ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಅದು ಸಮುದ್ರದ ದಡದಲ್ಲೇ ಇದ್ದ ದಾಗಿಸ್. ಬೇಸಿಗೆಯಲ್ಲಿ ಮಕ್ಕಳನ್ನು ನೀರಿಗೆ ಕರೆದುಕೊಂಡು ಹೋಗುವಾಗ ಈಜು ಬರುವವರು ಆಳದ ಕಡೆ ನಿಲ್ಲಬೇಕು, ಬಾರದವರು ಮರಳಿನ ಮೇಲೆ ಕೂತು ಟವೆಲ್ಲು ಕಾಯಬೇಕು. ಅವಳ ಮೇಲಿನವರು ಮುಲಾಜಿಲ್ಲದೆ ಹೇಳಿದ್ದರು: ಜೂನ್‌ ಒಳಗೆ ಇನ್ನೂರು ಮೀಟರ್ ಈಜಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ. ಬಿರ್ಗಿತ್ ಅವಳಿಗೆಂದೇ ಈಜುಡುಗೆಯ ಬಟ್ಟೆ ತಂದು, ತಮ್ಮ ಹೊಲಿಗೆ ಯಂತ್ರದಲ್ಲಿ ಕತ್ತಿನಿಂದ ಪಾದದವರೆಗಿನ ಉಡುಗೆ ಹೊಲಿದುಕೊಟ್ಟಿದ್ದರು. ನನಗೂ ಮೊಣಕಾಲು ಮುಚ್ಚುವಂಥದ್ದೊಂದು ಹೊಲಿದರು. ನಾವು ಹನ್ನೊಂದು ಹೆಂಗಸರು, ಆರು ದೇಶದವರು. ಎಲ್ಲರೂ ಸೊಂಟದ ಮಟ್ಟದ ನೀರಿನಲ್ಲಿ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದೆವು.

ಸೆಪ್ಟೆಂಬರಿನ ಒಂದು ಗುರುವಾರ ಬಿರ್ಗಿತ್ ಸೀಟಿ ಊದದೆ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿದರು. ಅಷ್ಟು ದಿನ ಆ ಗಂಟೆಯ ಬಾಡಿಗೆಯನ್ನು ಅವರು ತಮ್ಮ ಪಿಂಚಣಿಯಿಂದ ಕಟ್ಟುತ್ತಿದ್ದರೆಂದು ನಮಗೆ ಗೊತ್ತಾದದ್ದೇ ಆಗ. ಜನವರಿಯಿಂದ ಬಾಡಿಗೆ ಹೆಚ್ಚುತ್ತದೆ, ತಮ್ಮ ಕೈಲಾಗದು. ನೀರಿನೊಳಗೆ ರಗ್ಬಿ ಆಡುವ ಗಂಡಸರ ಕ್ಲಬ್ಬೊಂದು ಆ ಗಂಟೆಗಾಗಿ ಕಾಯುತ್ತಿದೆ ಎಂದರು. ಶುಕ್ರಿ ಬೆರಳು ಮಡಿಸಿ ಜೂನ್‌ವರೆಗಿನ ತಿಂಗಳು ಎಣಿಸುತ್ತಿದ್ದಳು.

"ಒಂದು ದಾರಿ ಇದೆ" ಅಂದರು ಬಿರ್ಗಿತ್. "ಊರಿನ ಉಳಿತಾಯ ಬ್ಯಾಂಕು ಸಂಘಗಳಿಗೆ ಸಹಾಯಧನ ಕೊಡುತ್ತದೆ."

"ಎಷ್ಟು ಬಡ್ಡಿಗೆ?" ಅಂದೆ ನಾನು. ಹಳೆಯ ಚಾಳಿ.

"ಬಡ್ಡಿ ಇಲ್ಲ. ವಾಪಸ್ಸೂ ಕೇಳುವುದಿಲ್ಲ."

ನಾನು ನಂಬಲಿಲ್ಲ. ಬ್ಯಾಂಕು ಕೊಟ್ಟು ವಾಪಸ್ ಕೇಳದಿರುವುದೇ? ಮನೆಗೆ ಹೋಗಿ ರಮೇಶ್‌ಗೆ ಹೇಳಿದರೆ, "ಅದಕ್ಕೆ ಷೇರ್‌ಹೋಲ್ಡರ್ಸೇ ಇಲ್ಲ ಕಣೇ. ಪ್ರಾಫಿಟ್‌ನಲ್ಲಿ ಒಂದ್ ಪಾಲು ಊರಿಗೇ ವಾಪಸ್ ಹೋಗುತ್ತೆ. ನಮ್ ಆಫೀಸ್‌ನವನ ಮಗಳ ಫುಟ್‌ಬಾಲ್ ಟೀಮ್‌ಗೂ ಅವ್ರೇ ಕೊಟ್ಟಿರೋದು" ಅಂದರು. ಆ ರಾತ್ರಿ ನಾನು ನಮ್ಮ ಬ್ಯಾಂಕನ್ನು ನೆನೆದು ಸ್ವಲ್ಪ ಹೊಟ್ಟೆ ಉರಿಸಿಕೊಂಡೆ.

ಆದರೆ ಕೊಡುವುದು ಫೊರೇನಿಂಗ್‌ಗೆ ಮಾತ್ರ. ಅಂದರೆ ಸಂಘಕ್ಕೆ. ನಿಯಮಾವಳಿ ಬೇಕು, ಕಾರ್ಯಕಾರಿ ಸಮಿತಿ ಬೇಕು, ಸಭೆಯ ನಡಾವಳಿ ಬೇಕು. ಬಿರ್ಗಿತ್ ಮನೆಯ ಅಡುಗೆಮನೆಯಲ್ಲಿ ನಮ್ಮ ಮೊದಲ ಸಭೆ ನಡೆಯಿತು. ಅಧ್ಯಕ್ಷರು ಸುತ್ತಿಗೆ ಬಡಿದು ಸಭೆ ಶುರುಮಾಡಬೇಕಂತೆ. ಸುತ್ತಿಗೆ ಇಲ್ಲವೆಂದು ಬಿರ್ಗಿತ್ ಮರದ ಸೌಟಿನಿಂದ ಮೇಜಿಗೆ ಬಡಿದರು. ನಡಾವಳಿಯನ್ನು ಪರಿಶೀಲಿಸಲು ಇಬ್ಬರನ್ನು ಆರಿಸಿ ಸೌಟು ಬಡಿದರು. ಇಲ್ಲದ ಲೆಕ್ಕಕ್ಕೆ ಲೆಕ್ಕಪರಿಶೋಧಕರನ್ನು ಆರಿಸಿ ಮತ್ತೆ ಬಡಿದರು. ನಾನು ಬ್ಯಾಂಕಿನವಳೆಂದು ಕಾರ್ಯದರ್ಶಿ ಮಾಡಿದರು. ಕಾಫಿ, ಏಲಕ್ಕಿ ಬನ್ನು ಮುಗಿಯುವ ಹೊತ್ತಿಗೆ ನಾವೊಂದು ಸಂಘವಾಗಿದ್ದೆವು.

ಅರ್ಜಿ ಬರೆಯುವುದರಲ್ಲಿ ನನಗೆ ಯಾರ ಉಪದೇಶವೂ ಬೇಡ ಅಂದುಕೊಂಡಿದ್ದೆ. ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಬ್ಯಾಂಕಿನ ಔದಾರ್ಯವನ್ನು ಒಂದು ಪ್ಯಾರಾ ಹೊಗಳಿದೆ, ನಮ್ಮ ಬಡತನವನ್ನು ಇನ್ನೊಂದರಲ್ಲಿ ತೋಡಿಕೊಂಡೆ, ಕೊನೆಯಲ್ಲಿ ತಾವು ದಯಮಾಡಿ ಕೃಪೆ ತೋರಬೇಕೆಂದು ಬೇಡಿದೆ. ಬಿರ್ಗಿತ್ ಕನ್ನಡಕ ಹಾಕಿಕೊಂಡು ಓದಿ ಪೆನ್ಸಿಲ್ ತೆಗೆದರು. ಹೊಗಳಿಕೆ ಹೋಯಿತು, ಬಡತನ ಹೋಯಿತು, ಕೃಪೆಯೂ ಹೋಯಿತು. ಉಳಿದದ್ದು ಆರು ಸಾಲು: ನಾವು ಯಾರು, ಎಷ್ಟು ಜನ, ಯಾವ ಗಂಟೆ, ಏನು ಕಲಿಯುತ್ತೇವೆ, ಏನು ಬೇಕು, ಯಾವಾಗಿನಿಂದ. ಅದನ್ನು ಸ್ವೀಡಿಷ್‌ಗೆ ಮಾಡಿ ಕಳಿಸಿದರು. ಆ ಕಾಗದ ಬೋಳುಬೋಳಾಗಿ ಕಂಡು ನನಗೆ ಸಮಾಧಾನವೇ ಇರಲಿಲ್ಲ.

ಆಮೇಲೆ ದೀಪಾವಳಿ ಬಂತು. ಗಾಳಿಗೆ ಎಲೆಗಳೆಲ್ಲ ಉದುರಿ ನಾಲ್ಕೂವರೆ ಐದಕ್ಕೇ ಬೆಳಕು ಕಡಿಮೆಯಾಗುತ್ತಿದ್ದ ದಿನಗಳು. ಹಬ್ಬಕ್ಕೆ ಕರ್ಜಿಕಾಯಿ, ಚಕ್ಕುಲಿ ಮಾಡಿದೆ. ಮಾಡುವಾಗ ದಾವಣಗೆರೆಯ ನನ್ನ ಮೇಜು ನೆನಪಾಯಿತು. ದೀಪಾವಳಿ ಬಂತೆಂದರೆ ಆ ಮೇಜಿನ ಮೇಲೆ ಸಿಹಿ ಡಬ್ಬಿಗಳ ರಾಶಿ. ಗ್ರಾಹಕರು ತಂದುಕೊಟ್ಟದ್ದನ್ನು ಬೇಡವೆಂದರೆ ಅವರಿಗೆ ಅವಮಾನ. ಬರಿಗೈಯಲ್ಲಿ ಅರ್ಜಿ ಹಾಕಿ ಸುಮ್ಮನೆ ಕೂತಿದ್ದೇವಲ್ಲ, ಹಬ್ಬದ ದಿನವಾದರೂ ಹೋಗಿ ಮುಖ ತೋರಿಸಿ ಬರುವುದು ಮರ್ಯಾದೆ ಅನ್ನಿಸಿತು. ಬಿರ್ಗಿತ್‌ಗೆ ಹೇಳಲಿಲ್ಲ, ಸಂತೋಷಪಡುತ್ತಾರೆ, ಆಮೇಲೆ ಹೇಳೋಣ ಎಂದು. ಒಳ್ಳೆಯ ರೇಷ್ಮೆ ಸೀರೆ ಉಟ್ಟು, ಮೇಲೊಂದು ದಪ್ಪ ಕೋಟು ಹಾಕಿ, ಡಬ್ಬಿಗೆ ರಿಬ್ಬನ್ ಕಟ್ಟಿ ಬ್ಯಾಂಕಿಗೆ ಹೋದೆ.

ನಂಬರು ಚೀಟಿ ತೆಗೆದುಕೊಂಡು ಕೂತೆ. ಸಹಾಯಧನದ ಅರ್ಜಿ ನೋಡುವವರು ಆನ್‌-ಸೋಫಿ ಎಂಬ ನಡುವಯಸ್ಸಿನ ಹೆಂಗಸು. ನಗುನಗುತ್ತಾ ಬಂದು ಕೈ ಕುಲುಕಿದರು.

"ನಮ್ಮ ಅರ್ಜಿ ನೋಡೋರು ನೀವೇ ತಾನೇ?" ಅಂದೆ, ನನಗೆ ಬರುತ್ತಿದ್ದ ಅಷ್ಟಿಷ್ಟು ಸ್ವೀಡಿಷ್‌ನಲ್ಲಿ.

"ಹೌದು, ನಾನೇ."

"ಹಾಗಾದ್ರೆ ಇದು ನಿಮಗೆ. ಗುರುವಾರದ ಹೆಂಗಸರ ಕಡೆಯಿಂದ."

ಆನ್‌-ಸೋಫಿಯ ಕತ್ತಿನಿಂದ ಶುರುವಾದ ಕೆಂಪು ಹಣೆಯವರೆಗೆ ಏರಿತು. ಡಬ್ಬಿಯನ್ನು ಮುಟ್ಟಲಿಲ್ಲ. "ಇದು... ನಿಮ್ಮ ಅರ್ಜಿಗೆ ಸಂಬಂಧಪಟ್ಟದ್ದೇ?" ಎಂದು ನಿಧಾನವಾಗಿ ಕೇಳಿದರು.

"ಹೌದು ಹೌದು!" ಅಂದೆ ನಾನು, ದೊಡ್ಡದಾಗಿ ತಲೆಯಾಡಿಸಿ.

ಅವರು ಬೈಯಲಿಲ್ಲ. ಬಹಳ ಮೃದುವಾಗಿ, ತಾನಿದನ್ನು ತೆಗೆದುಕೊಳ್ಳುವಂತಿಲ್ಲ, ಹೀಗಾಯಿತೆಂದು ಮೇಲಿನವರಿಗೆ ತಿಳಿಸಲೇಬೇಕಾಗುತ್ತದೆ, ತನಗೆ ಬೇಜಾರಾಗುತ್ತಿದೆ ಎಂದರು. ಬಾಗಿಲ ತನಕ ಬಂದು ಬಿಟ್ಟುಹೋದರು. ಹೊರಗೆ ಗಾಳಿಯಲ್ಲಿ ಡಬ್ಬಿ ಹಿಡಿದು ನಿಂತಾಗಲೂ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಸಂಜೆ ರಮೇಶ್ ಕೇಳಿ ತಲೆಮೇಲೆ ಕೈ ಇಟ್ಟುಕೊಂಡರು. "ಏನ್ ಮಾಡ್ಬಿಟ್ಟೆ ಸುಮಾ, ಮಾರಾಯ್ತಿ! ಅರ್ಜಿ ಪೆಂಡಿಂಗ್ ಇರೋವಾಗ ಆಫೀಸರ್‌ಗೆ ಗಿಫ್ಟಾ? ಇಲ್ಲಿ ಇದನ್ನ ಲಂಚ ಅಂತಾರೆ."

ಲಂಚ! ಹನ್ನೊಂದು ವರ್ಷದಲ್ಲಿ ಒಂದು ಪೈಸೆ ಮುಟ್ಟದ ನನಗೆ ಆ ಮಾತು ಕೆನ್ನೆಗೆ ಹೊಡೆದಂತಾಯಿತು. ವಾರದೊಳಗೆ ಬ್ಯಾಂಕಿನಿಂದ ಕಾಗದ ಬಂತು. ಆನ್‌-ಸೋಫಿ ನಮ್ಮ ಅರ್ಜಿಯಿಂದ ಹಿಂದೆ ಸರಿದಿದ್ದಾರೆ, ಅದನ್ನು ಪರಿಗಣಿಸಬೇಕೋ ಬೇಡವೋ ಎಂದು ಬ್ಯಾಂಕಿನ ಮಂಡಳಿಯೇ ನಿರ್ಧರಿಸುತ್ತದೆ, ಸಂಘವು ವಿವರಣೆ ಕೊಡಬಹುದು ಎಂದಿತ್ತು.

ಆ ಗುರುವಾರ ಬೆಂಚಿನ ಮೇಲೆ ಕೂತವರ ಎದುರು ನಾನೇ ಎಲ್ಲ ಹೇಳಿದೆ. ಶುಕ್ರಿ ನನ್ನ ಮುಖ ನೋಡಲಿಲ್ಲ, ಅದೇ ಎಲ್ಲಕ್ಕಿಂತ ನೋವಾಯಿತು. ಅವಳು ಅರ್ಜಿಯ ಮೇಲೆ ಎಷ್ಟು ಆಸೆ ಇಟ್ಟಿದ್ದಳೆಂದರೆ ಜನವರಿಯ ಗುರುವಾರಗಳಿಗೆ ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಮನೆಯವಳನ್ನು ಆಗಲೇ ಒಪ್ಪಿಸಿದ್ದಳು. "ನಾನು ಕಾರ್ಯದರ್ಶಿ ಕೆಲಸ ಬಿಡ್ತೀನಿ" ಅಂದೆ.

"ಬಿಟ್ಟರೆ ಯಾರು ಬರೆಯುವುದು?" ಅಂದರು ಬಿರ್ಗಿತ್. ಕೋಪ ಇತ್ತು, ದನಿ ಏರಿರಲಿಲ್ಲ. "ಆದದ್ದನ್ನು ಆದ ಹಾಗೆ ಬರಿ. ನಡಾವಳಿಯಲ್ಲಿ ಸೇರಿಸು. ಬ್ಯಾಂಕಿಗೂ ಅದನ್ನೇ ಕಳಿಸೋಣ."

ಮೂರು ಸಲ ಬರೆದೆ. ಮೊದಲೆರಡು ಸಲ ನಮ್ಮ ಸಂಸ್ಕೃತಿ, ನಮ್ಮ ಹಬ್ಬ, ನಮ್ಮ ಆತಿಥ್ಯ ಎಂದೆಲ್ಲ ವಾದ ಮಾಡಿದ್ದೆ. ಮೂರನೇ ಸಲ ಬರೆಯುವಾಗ ಒಬ್ಬಾಕೆ ನೆನಪಾದಳು. ಒಂದು ವರ್ಷ ನಮ್ಮ ದಾವಣಗೆರೆಯ ಬ್ಯಾಂಕಿನಲ್ಲಿ ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದ್ದ ರೇಣುಕಮ್ಮ. ಆ ದೀಪಾವಳಿಗೆ ಎಲ್ಲರೂ ಡಬ್ಬಿ ತಂದಾಗ ಅವಳು ತಂದಿರಲಿಲ್ಲ, ಎಲ್ಲಿಂದ ತರಬೇಕು ಪಾಪ. ಅವಳ ಫೈಲು ಹಬ್ಬ ಕಳೆದು ಎರಡು ತಿಂಗಳು ನನ್ನ ರಾಶಿಯ ತಳದಲ್ಲಿತ್ತು. ಬೇಕೆಂದು ಇಟ್ಟಿರಲಿಲ್ಲ, ದೇವರಾಣೆ. ಆದರೆ ಡಬ್ಬಿ ತಂದವರ ಮುಖ ನೆನಪಿರುತ್ತಿತ್ತು, ಅವರ ಫೈಲು ತಾನಾಗಿ ಮೇಲೆ ಬರುತ್ತಿತ್ತು. ಡಬ್ಬಿಗೂ ಅವಳ ಫೈಲಿಗೂ ಸಂಬಂಧವೇ ಇಲ್ಲ ಎಂದು ಎದೆ ತಟ್ಟಿ ಹೇಳಲು ನನ್ನಿಂದ ಆಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಆಮೇಲೆ ಎದ್ದು ಅದನ್ನೂ ಬರೆದೆ. ಬಿರ್ಗಿತ್ ಓದಿದರು, ಪೆನ್ಸಿಲ್ ತೆಗೆಯಲಿಲ್ಲ.

ಡಿಸೆಂಬರ್ ಮೊದಲ ವಾರ ಮಂಡಳಿ ಬಿರ್ಗಿತ್ ಅವರನ್ನೂ ನನ್ನನ್ನೂ ಕರೆಯಿತು. ಉದ್ದ ಮೇಜಿನ ಸುತ್ತ ಐದು ಜನ. ಅಧ್ಯಕ್ಷರು ಹಡಗುಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮುದುಕರು, ಕೈಗಳು ಮರದ ಕೊರಡಿನ ಹಾಗಿದ್ದವು. ಅವರೇ ಎದ್ದು ನನ್ನ ಮುಂದೆ ಕಾಫಿ ಸುರಿದಿಟ್ಟರು. ನಾನು ಕಪ್ಪು ಮುಟ್ಟಲಿಲ್ಲ. ಮುಟ್ಟಿದರೆ ಇನ್ನೇನು ತಪ್ಪಾದೀತೋ ಯಾರಿಗೆ ಗೊತ್ತು!

"ಕುಡಿಯಿರಿ, ಕುಡಿಯಿರಿ" ಅಂದರು ಅವರು. "ಇದು ಎಲ್ಲರ ಮುಂದೆ, ಎಲ್ಲರಿಗೂ ಇಟ್ಟದ್ದು. ಇದರಲ್ಲಿ ತೊಂದರೆ ಇಲ್ಲ."

ಆಮೇಲೆ ನನ್ನ ಕಾಗದವನ್ನು ಮುಂದಿಟ್ಟುಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು. "ಆ ಹೆಂಗಸಿಗೆ ಕೊನೆಗೆ ಸಾಲ ಸಿಕ್ಕಿತೇ?"

"ಸಿಕ್ಕಿತು. ತಡವಾಗಿ."

"ನಿಮ್ಮ ಸಂಘದಲ್ಲಿ ತಡವಾದರೆ ಯಾರಿಗೆ ಕಷ್ಟ?"

ಶುಕ್ರಿಯ ಹೆಸರು ಹೇಳಿದೆ. ದಾಗಿಸ್, ಮರಳು, ಟವೆಲ್ಲು, ಜೂನ್, ಎಲ್ಲ ಹೇಳಿದೆ. ಬಿರ್ಗಿತ್ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅಧ್ಯಕ್ಷರು ಅವರ ಕಡೆ ತಿರುಗಿ, "ಜೂನ್ ಹೊತ್ತಿಗೆ ಎಷ್ಟು ಜನ ಈಜುತ್ತಾರೆ?" ಅಂದರು. ನಮ್ಮೂರಿನಲ್ಲಾಗಿದ್ದರೆ ಹನ್ನೊಂದಕ್ಕೆ ಹನ್ನೊಂದೂ ಸಾರ್ ಅನ್ನುತ್ತಿದ್ದೆವು. ಬಿರ್ಗಿತ್, "ಏಳು. ಕಾರ್ಯದರ್ಶಿಯ ಬಗ್ಗೆ ನನಗೆ ಅನುಮಾನವಿದೆ" ಅಂದರು. ಮಂಡಳಿಯವರೆಲ್ಲ ನಕ್ಕರು. ಬಿರ್ಗಿತ್ ನಗಲಿಲ್ಲ.

ಡಿಸೆಂಬರ್ ಹದಿಮೂರಕ್ಕೆ ಅಲ್ಲಿ ಲೂಸಿಯಾ ಎಂಬ ದೀಪದ ಹಬ್ಬ, ಅದರ ಮಾರನೆಯ ದಿನ ಕಾಗದ ಬಂತು. ಜನವರಿಯಿಂದ ಜೂನ್‌ವರೆಗೆ ಗುರುವಾರದ ಗಂಟೆ ಪೂರ್ತಿ ನಮ್ಮದು! ನಾನು ಆ ಕಾಗದ ಹಿಡಿದು, ಚಪ್ಪಲಿಯಲ್ಲೇ ಹಿಮದ ಮೇಲೆ ಓಡಿ, ನಾಲ್ಕು ಬೀದಿ ಆಚೆಯಿದ್ದ ಶುಕ್ರಿಯ ಮನೆಗೆ ಹೋಗಿ ಬಾಗಿಲು ಬಡಿದೆ. ಅವಳು ಕಾಗದ ಓದಲಿಲ್ಲ, ನನ್ನ ಮುಖ ನೋಡಿದಳು. ಇಬ್ಬರೂ ಬಾಗಿಲಲ್ಲೇ ತಬ್ಬಿಕೊಂಡು ಕುಣಿದೆವು. ಅವಳ ಮಕ್ಕಳು ನಮಗೆ ಹುಚ್ಚೆಂದುಕೊಂಡಿರಬೇಕು.

ಜನವರಿಯಲ್ಲಿ ಬ್ಯಾಂಕಿನ ಸಭಾಂಗಣದಲ್ಲಿ ಸಹಾಯಧನ ಪಡೆದವರಿಗೆಲ್ಲ ಒಂದು ಸಂಜೆ ಏರ್ಪಾಡಾಗಿತ್ತು. ಫುಟ್‌ಬಾಲ್ ಹುಡುಗಿಯರು, ಚರ್ಚಿನ ಹಾಡುಗಾರರು, ಹಳೆ ದೋಣಿ ರಿಪೇರಿ ಮಾಡುವ ಮುದುಕರು, ಕುರುಡರಿಗೆ ಪತ್ರಿಕೆ ಓದಿ ರೆಕಾರ್ಡ್ ಮಾಡುವವರು. ಒಬ್ಬೊಬ್ಬರೂ ಎದ್ದು ತಾವೇನು ಮಾಡುತ್ತೇವೆಂದು ಎರಡು ಮಾತು ಹೇಳಬೇಕು. ಕರೆಯೋಲೆಯ ಕೆಳಗೆ, ತಿಂಡಿ ತರಲು ಇಷ್ಟವಿದ್ದವರು ಎಲ್ಲರ ಮೇಜಿಗೆ ತರಬಹುದು ಎಂದು ಆನ್‌-ಸೋಫಿ ಪೆನ್ನಿನಲ್ಲಿ ಬರೆದಿದ್ದರು. ಎರಡು ದಿನ ಕೂತು ಚಕ್ಕುಲಿ, ಕರ್ಜಿಕಾಯಿ ಕರಿದೆ. ಫುಟ್‌ಬಾಲ್ ಹುಡುಗಿಯರು ಹತ್ತು ನಿಮಿಷದಲ್ಲಿ ತಟ್ಟೆ ಬಹುಪಾಲು ಖಾಲಿ ಮಾಡಿದರು. ಆನ್‌-ಸೋಫಿ ಕೊನೆಯ ಕರ್ಜಿಕಾಯಿ ಎತ್ತಿಕೊಂಡು, ಎಲ್ಲರಿಗೂ ಕಾಣುವ ಹಾಗೆ ನನ್ನ ಕಡೆ ತೋರಿಸಿ ಬಾಯಿಗೆ ಹಾಕಿಕೊಂಡರು.

ಮುಂದಿನ ನಾಲ್ಕು ತಿಂಗಳು ನೀರೇ ನೀರು. ಹೊರಗೆ ಬೀದಿಯಲ್ಲಿ ಜಾರುವ ಮಂಜುಗಡ್ಡೆ, ಒಳಗೆ ಬಿರ್ಗಿತ್ ಅವರ ಸೀಟಿ. ಶುಕ್ರಿ ಫೆಬ್ರವರಿಯಲ್ಲಿ ಕಂಬಿ ಬಿಟ್ಟಳು, ಮಾರ್ಚಿನಲ್ಲಿ ಐವತ್ತು ಮೀಟರ್ ಮುಟ್ಟಿದಳು, ಅಲ್ಲಿಗೇ ನಿಂತಳು. ಆಳದ ಕಡೆ ಕಾಲಿಗೆ ನೆಲ ಸಿಗುವುದಿಲ್ಲವೆಂದು ಗೊತ್ತಾದ ಕೂಡಲೇ ಉಸಿರು ಕಟ್ಟಿ ಗೋಡೆ ಹಿಡಿಯುತ್ತಿದ್ದಳು. ನನಗೂ ಹಾಗೇ. ಬಿರ್ಗಿತ್ ನಮ್ಮಿಬ್ಬರನ್ನು ಜೋಡಿ ಮಾಡಿದರು. ಒಬ್ಬಳು ಗೋಡೆ ಹಿಡಿದರೆ ಇನ್ನೊಬ್ಬಳೂ ಮೊದಲಿನಿಂದ ಶುರುಮಾಡಬೇಕು. ಆ ತಿಂಗಳು ನಾವು ಒಬ್ಬರನ್ನೊಬ್ಬರು ಬೈದುಕೊಂಡಷ್ಟು ಯಾವ ಓರಗಿತ್ತಿಯರೂ ಬೈದುಕೊಂಡಿರಲಾರರು. ಅವಳು ಸೊಮಾಲಿಯಲ್ಲಿ, ನಾನು ಕನ್ನಡದಲ್ಲಿ.

ಮೇ ಕೊನೆಯ ಗುರುವಾರ ಪರೀಕ್ಷೆ. ಇನ್ನೂರು ಮೀಟರ್, ಅದರಲ್ಲಿ ಐವತ್ತು ಬೆನ್ನ ಮೇಲೆ. ನೂರೈವತ್ತರ ಹತ್ತಿರ ಆಳದಲ್ಲಿ ಶುಕ್ರಿಯ ಕೈ ಗೋಡೆಯ ಕಡೆ ಚಾಚಿತು. ಅವಳ ಪಕ್ಕದಲ್ಲೇ ಈಜುತ್ತಿದ್ದ ನನ್ನ ಬಾಯಿಂದ ಅಚ್ಚ ಕನ್ನಡವೇ ಬಂತು: "ಮುಟ್ಟಬೇಡ ಕಣೇ! ಬಾ ನನ್ ಜೊತೆ! ಇನ್ನೊಂದೇ ಒಂದ್ ಸ್ವಲ್ಪ!" ಏನು ತಿಳಿಯಿತೋ, ಕೈ ಹಿಂದಕ್ಕೆ ಎಳೆದುಕೊಂಡು ನೀರು ಸರಿಸಿದಳು. ಅವಳು ಮುಗಿಸಿ ಮೆಟ್ಟಿಲು ಹಿಡಿದಾಗ ನಾನು ಇನ್ನೂ ಹತ್ತು ಮೀಟರ್ ಹಿಂದಿದ್ದೆ. ಹೊಟ್ಟೆ ತುಂಬ ನೀರು ಕುಡಿದು, ಏದುಸಿರು ಬಿಡುತ್ತಾ ನಾನೂ ಮುಟ್ಟಿದೆ. "ಎಂಟು" ಅಂದರು ಬಿರ್ಗಿತ್, ಪುಸ್ತಕದಲ್ಲಿ ಗುರುತು ಹಾಕುತ್ತಾ. ಆಗ ನಕ್ಕರು.

ಜೂನಿನ ಒಂದು ಬೆಳಿಗ್ಗೆ, ಬಿಸಿಲು ಚೆನ್ನಾಗಿದ್ದ ದಿನ, ಮೇಘನಾಳನ್ನು ಕರೆದುಕೊಂಡು ದಾಗಿಸ್‌ನ ಪಕ್ಕದ ದಡಕ್ಕೆ ಹೋದೆ. ಸಣ್ಣ ಸಣ್ಣ ಮಕ್ಕಳು ಹಳದಿ ಟೋಪಿ ಹಾಕಿಕೊಂಡು ಮೊಣಕಾಲುದ್ದದ ನೀರಿನಲ್ಲಿ ಕಿರುಚಾಡುತ್ತಿದ್ದರು. ಮರಳಿನ ಮೇಲೆ ಟವೆಲ್ಲುಗಳ ರಾಶಿಯ ಪಕ್ಕ ಎಳೆಯ ವಯಸ್ಸಿನ ಸ್ವೀಡಿಷ್ ಟೀಚರೊಬ್ಬಳು ಕೂತಿದ್ದಳು. ಮಕ್ಕಳಿಂದ ಆಚೆ, ಎದೆಯುದ್ದದ ತಣ್ಣನೆಯ ನೀರಿನಲ್ಲಿ, ಸಮುದ್ರಕ್ಕೆ ಬೆನ್ನು ಕೊಟ್ಟು, ಬಿರ್ಗಿತ್ ಹೊಲಿದ ಉಡುಗೆಯಲ್ಲಿ ಎರಡೂ ಕೈ ಅಗಲಿಸಿ ನಿಂತಿದ್ದವಳು ಶುಕ್ರಿ.

ನನ್ನ ಕಣ್ಣು ತುಂಬಿ ಬಂತು. "ಶುಕ್ರೀ!" ಎಂದು ಕೂಗಿ ಕೈ ಬೀಸಿದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಕಣ್ಣು ಮಕ್ಕಳ ತಲೆಗಳ ಮೇಲೇ ಇತ್ತು.

"ಈಗಲ್ಲ, ಸುಮಾ" ಅಂದಳು ಗಟ್ಟಿಯಾಗಿ. "ಕೆಲಸದಲ್ಲಿದ್ದೀನಿ."